ನೆರೆಮನೆಯ ನಾಯಿ ಮೈಮೇಲೆ ಬಂದಾಗ

ಆತ್ಮರಕ್ಷಣೆ ಎಲ್ಲರ ಹಕ್ಕು. ಆದರೆ ಆ ಹಕ್ಕು ಎಲ್ಲಿ ಆರಂಭವಾಗುತ್ತದೆ, ಎಲ್ಲಿ ಮುಗಿಯುತ್ತದೆ? ನಮ್ಮ ಬೀದಿಯ ಒಂದು ನಾಯಿ ಕಲಿಸಿದ ಪಾಠ ಇಲ್ಲಿದೆ.

ಆಷಾಢದ ಒಂದು ಬೆಳಗು. ರಾತ್ರಿಯೆಲ್ಲ ಹನಿದ ಜಿಟಿಜಿಟಿ ಮಳೆ ಇನ್ನೂ ಪೂರ್ತಿಯಾಗಿ ಬಿಟ್ಟಿರಲಿಲ್ಲ. ಮೈಸೂರಿನ ನಮ್ಮ ಬೀದಿಯಲ್ಲಿರುವ ನಿವೃತ್ತ ಮೇಷ್ಟ್ರೊಬ್ಬರು ಎಂದಿನಂತೆ ಏಳು ವರ್ಷದ ಮೊಮ್ಮಗಳ ಕೈಹಿಡಿದುಕೊಂಡು, ಕೊಡೆಯ ಮರೆಯಲ್ಲಿ, ಹಾಲಿನ ಬೂತಿನ ಕಡೆಗೆ ಹೊರಟಿದ್ದರು. ಮಗ್ಗುಲ ಮನೆಯನ್ನು ದಾಟಿಯೇ ಹೋಗಬೇಕು. ಬೀದಿಗೆಲ್ಲ ಅದೇ ದೊಡ್ಡ ಮನೆ. ಆ ಮನೆಯಲ್ಲಿ ಒಂದು ಅಲ್ಸೇಷಿಯನ್ ನಾಯಿ ಉಂಟು. ಅದರ ಹೆಸರು ಟೈಗರ್.

ಟೈಗರ್ ದಿನವೂ ಗೇಟಿನ ಸಂದಿಯಲ್ಲಿ ಮೂತಿ ತೂರಿಸಿ ಬೊಗಳುತ್ತಿತ್ತು. ಅದರ ಬೊಗಳುವಿಕೆ ಬೀದಿಯ ಜನಕ್ಕೆ ಅಭ್ಯಾಸವಾಗಿಹೋಗಿತ್ತು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯ ಬಲದ ಮೇಲೆ ಎಲ್ಲರೂ ಓಡಾಡುತ್ತಿದ್ದರು. ಅಂದು ಮಾತ್ರ ಟೈಗರ್ ಬೊಗಳಲಿಲ್ಲ. ಯಾರೋ ಗೇಟಿನ ಅಗುಳಿ ಹಾಕದೆ ಹೋಗಿದ್ದರು. ನಾಯಿ ಸದ್ದಿಲ್ಲದೆ ಬಂದು ಮಗುವಿನ ಮೇಲೆ ಹಾರಿತು.

ಮೇಷ್ಟ್ರು ಮಗುವನ್ನು ಸರಕ್ಕನೆ ಬೆನ್ನ ಹಿಂದಕ್ಕೆ ಎಳೆದುಕೊಂಡರು. ಅಷ್ಟರಲ್ಲಿ ಹಲ್ಲೋ ಉಗುರೋ ತಿಳಿಯದು, ಮಗುವಿನ ಮೀನಖಂಡದ ಮೇಲೆ ಉದ್ದನೆಯ ಗೀರು ಬಿದ್ದು ನೆತ್ತರು ಜಿನುಗಿತು. ತೆರೆದ ಕೊಡೆಯನ್ನು ಅವರು ನಾಯಿಯ ಮುಖಕ್ಕೆ ಅಡ್ಡ ಹಿಡಿದರು. ನಾಯಿ ಕೊಡೆಯ ಬಟ್ಟೆಗೆ ಬಾಯಿ ಹಾಕಿ ಜಗ್ಗಿತು. ಮೇಷ್ಟ್ರು ಅದನ್ನು ಬಿಡಿಸಿಕೊಂಡು, ಮತ್ತೆ ಮೇಲೆರಗಿ ಬಂದ ನಾಯಿಯ ಮೂತಿಗೆ ಕೊಡೆಯ ಹಿಡಿಯಿಂದ ಬಲವಾಗಿ ಒಂದೇಟು ಕೊಟ್ಟರು. ನಾಯಿ ಕುಂಯ್‌ಗುಟ್ಟುತ್ತ ಹಿಂದಿರುಗಿ, ಗೇಟಿನೊಳಗೆ ನುಗ್ಗಿ, ಕಾರಿನ ಮರೆಯಲ್ಲಿ ಅಡಗಿತು.

ಇಷ್ಟಕ್ಕೇ ಮುಗಿದಿದ್ದರೆ ಈ ಲೇಖನ ಬರೆಯುವ ಕಾರಣವಿರುತ್ತಿರಲಿಲ್ಲ.

ಬೀದಿಯ ಪಕ್ಕದಲ್ಲಿ ಯಾರೋ ಮನೆ ಕಟ್ಟಿಸಲು ಇಟ್ಟಿಗೆ ಇಳಿಸಿದ್ದರು. ಮೊಮ್ಮಗಳ ಕಾಲಿನ ನೆತ್ತರನ್ನು ಕಂಡದ್ದೇ ಮೇಷ್ಟ್ರ ಮೈಮೇಲೆ ಎಚ್ಚರ ತಪ್ಪಿತು. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಆ ಸಾಧು ಮನುಷ್ಯರು ಇಟ್ಟಿಗೆಯೊಂದನ್ನು ಎತ್ತಿಕೊಂಡು ಗೇಟಿನತ್ತ ಹೆಜ್ಜೆಯಿಟ್ಟರು. ಆಗ ಆ ಮಗು ಅವರ ಪಂಚೆಯ ಅಂಚನ್ನು ಹಿಡಿದು ಅಳುತ್ತಲೇ ಹೇಳಿತಂತೆ: “ಬೇಡ ತಾತಾ, ಅದು ಹೋಯ್ತು.”

ಮೇಷ್ಟ್ರು ನಿಂತರು. ಇಟ್ಟಿಗೆ ಕೈಯಿಂದ ಕೆಳಗೆ ಬಿತ್ತು.

ಗದ್ದಲ ಕೇಳಿ ನಾಯಿಯ ಯಜಮಾನರು ಹೊರಗೆ ಬಂದರು. ಅವರ ಕಣ್ಣಿಗೆ ಮೊದಲು ಬಿದ್ದದ್ದು ತಮ್ಮ ನಾಯಿಯ ಮೂತಿಯ ರಕ್ತ. “ಏನು ಮೇಷ್ಟ್ರೇ ಇದು? ಮೂಕ ಪ್ರಾಣಿಗೆ ಹೀಗೆ ಹೊಡೆಯೋದಾ? ನಾನು ಸ್ಟೇಷನ್ನಿಗೆ ಹೋಗ್ತೀನಿ,” ಎಂದು ಗುಡುಗಿದರು. ಮೇಷ್ಟ್ರು ಮಗುವನ್ನು ಎತ್ತಿಕೊಳ್ಳುತ್ತ, “ಹೋಗಿ ಸ್ವಾಮಿ. ನಾನು ಮೊದಲು ಈ ಕೂಸನ್ನ ಆಸ್ಪತ್ರೆಗೆ ಕರಕೊಂಡು ಹೋಗ್ತೀನಿ. ಆಮೇಲೆ ನೀವು ಎಲ್ಲಿಗೆ ಕರೆದರೂ ಬರ್ತೀನಿ,” ಎಂದರು.

ವಕೀಲರ ಜಗುಲಿಯಲ್ಲಿ

ಅಂದು ಸಂಜೆ ಮೇಷ್ಟ್ರ ಮುಖ ಬಾಡಿತ್ತು. ಮಗುವಿಗೆ ಚುಚ್ಚುಮದ್ದು ಆಗಿತ್ತು, ಅದು ಮಲಗಿ ನಿದ್ರಿಸುತ್ತಿತ್ತು. ಆದರೆ ಜೀವಮಾನದಲ್ಲಿ ಠಾಣೆಯ ಮೆಟ್ಟಿಲು ಹತ್ತದವರಿಗೆ ‘ಕೇಸು’ ಎಂಬ ಮಾತೇ ಒಂದು ಜ್ವರ. ನಮಗಿಬ್ಬರಿಗೂ ಪರಿಚಯದ ವಕೀಲರೊಬ್ಬರ ಮನೆಗೆ ಅವರನ್ನು ಕರೆದುಕೊಂಡು ಹೋದೆ. ಜಗುಲಿಯ ಮೇಲೆ ಕುಳಿತು, ಕಾಫಿ ಕುಡಿಯುತ್ತ, ವಕೀಲರು ಆದಿಯಿಂದ ಅಂತ್ಯದವರೆಗೆ ಎಲ್ಲವನ್ನೂ ಕೇಳಿದರು. ಕಡೆಗೆ ನಕ್ಕು, “ನಿಮ್ಮ ಮೊಮ್ಮಗಳನ್ನು ವಕೀಲಿ ಓದಿಸಿ ಮೇಷ್ಟ್ರೇ. ನಾವು ಹತ್ತು ಕಲಮು ತಿರುವಿ ಹೇಳುವುದನ್ನು ಅವಳು ಎರಡೇ ಮಾತಿನಲ್ಲಿ ಹೇಳಿಬಿಟ್ಟಿದ್ದಾಳೆ,” ಎಂದರು.

ಅವರು ವಿವರಿಸಿದ್ದನ್ನು, ಆಮೇಲೆ ನಾನು ಕಾಯಿದೆಯ ಪುಸ್ತಕವನ್ನು ತೆರೆದು ನೋಡಿ ತಿಳಿದದ್ದನ್ನು, ಒಟ್ಟಿಗೆ ಸೇರಿಸಿ ವಾಚಕರ ಮುಂದಿಡುತ್ತಿದ್ದೇನೆ. ಇದು ಮೇಷ್ಟ್ರೊಬ್ಬರ ಸಮಸ್ಯೆಯಲ್ಲ. ಗೋಡೆಗೆ ಗೋಡೆ ತಾಗಿರುವ ನಮ್ಮ ಊರುಗಳಲ್ಲಿ ಇಂದಲ್ಲ ನಾಳೆ ಯಾರಿಗಾದರೂ ಒದಗಬಹುದಾದದ್ದು.

ನಮ್ಮ ದೇಶದಲ್ಲಿ 1860ರಲ್ಲಿ ರಚಿತವಾಗಿ, 1862ರ ಜನವರಿ 1ರಿಂದ ಆಚರಣೆಗೆ ಬಂದ ಭಾರತೀಯ ದಂಡ ಸಂಹಿತೆ ಒಂದೂವರೆ ಶತಮಾನಕ್ಕೂ ಮೀರಿ ಬಾಳಿತು. ಅದರ ಸ್ಥಾನಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿವೆ. ನಾವು ಇಲ್ಲಿ ನೋಡುವ ವಿಷಯದಲ್ಲಿ ತಿರುಳು ಬಹುಮಟ್ಟಿಗೆ ಹಳೆಯದೇ.

ಮೊದಲನೆಯ ಏಟು, ಎರಡನೆಯ ಏಟು

ಆತ್ಮರಕ್ಷಣೆಯ ಹಕ್ಕನ್ನು ಹೊಸ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಹೇಳುತ್ತವೆ. ತನ್ನ ದೇಹವನ್ನು ಮಾತ್ರವಲ್ಲ, ಇನ್ನೊಬ್ಬರ ದೇಹವನ್ನು ಕಾಪಾಡುವುದಕ್ಕೂ ಈ ಹಕ್ಕು ಸಲ್ಲುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಈ ಹಕ್ಕು ‘ಅಪರಾಧ’ದ ವಿರುದ್ಧ ಕೊಟ್ಟದ್ದು. ಅಪರಾಧ ಮಾಡುವವನು ಮನುಷ್ಯ, ನಾಯಿಗೆ ಅಪರಾಧವೆಂಬುದಿಲ್ಲ. ಹಾಗಾದರೆ ತಾನಾಗಿಯೇ ಮೈಮೇಲೆ ಬಿದ್ದ ನಾಯಿಯನ್ನು ಹೊಡೆದವನಿಗೆ ಆಸರೆ ಯಾವುದು?

ಅದಕ್ಕೆ ಬೇರೊಂದು ಕಲಮಿದೆ: 19ನೆಯದು. ಹಳೆಯ ಸಂಹಿತೆಯಲ್ಲಿ ಅದು 81ನೆಯದಾಗಿತ್ತು. ಹಾನಿ ಮಾಡಬೇಕೆಂಬ ದುರುದ್ದೇಶವಿಲ್ಲದೆ, ಸದ್ಭಾವನೆಯಿಂದ, ಮನುಷ್ಯರಿಗಾಗಲಿ ಆಸ್ತಿಗಾಗಲಿ ಒದಗಲಿರುವ ಬೇರೊಂದು ಹಾನಿಯನ್ನು ತಪ್ಪಿಸುವುದಕ್ಕಾಗಿ ಮಾಡಿದ ಕೆಲಸ, ಅದರಿಂದ ಹಾನಿಯಾಗಬಹುದೆಂದು ಗೊತ್ತಿದ್ದ ಮಾತ್ರಕ್ಕೆ, ಅಪರಾಧವಾಗುವುದಿಲ್ಲ ಎಂಬುದು ಅದರ ಸಾರ. ಈ ಕಲಮಿಗೆ ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು ಬಹಳ ಸೊಗಸಾಗಿದೆ. ಊರಿಗೆ ಬೆಂಕಿ ಬಿದ್ದಿದೆ. ಬೆಂಕಿ ಹಬ್ಬದಿರಲೆಂದು ಒಬ್ಬನು ನಡುವಿನ ಮನೆಗಳನ್ನು ಕೆಡವುತ್ತಾನೆ. ಜನರ ಜೀವವನ್ನೂ ಆಸ್ತಿಯನ್ನೂ ಉಳಿಸುವ ಸದುದ್ದೇಶದಿಂದ ಮಾಡಿದ್ದಾದರೆ, ತಪ್ಪಿಸಬೇಕಾಗಿದ್ದ ಹಾನಿ ಅಷ್ಟು ಭೀಕರವೂ ಅಷ್ಟು ಸಮೀಪದ್ದೂ ಆಗಿದ್ದರೆ, ಅವನು ಅಪರಾಧಿಯಲ್ಲ.

ಮೇಷ್ಟ್ರ ಕೊಡೆಯ ಏಟು ಅಂಥದು. ನಾಯಿ ಮೈಮೇಲಿತ್ತು, ಬೆನ್ನ ಹಿಂದೆ ಮಗುವಿತ್ತು, ಕೈಯಲ್ಲಿ ಬೇರೇನೂ ಇರಲಿಲ್ಲ. ಆ ಏಟಿಗೆ ಕಾನೂನು ಅವರ ಬೆನ್ನಿಗೆ ನಿಲ್ಲುತ್ತದೆ.

ಇಟ್ಟಿಗೆಯ ವಿಷಯ ಹಾಗಲ್ಲ. ನಾಯಿ ಗೇಟಿನೊಳಗೆ ಹೋಗಿ ಅಡಗಿದ ಮೇಲೆ ತಪ್ಪಿಸಬೇಕಾದ ಹಾನಿ ಯಾವುದೂ ಉಳಿದಿರಲಿಲ್ಲ. ಆಗ ಬೀಸಿದ ಇಟ್ಟಿಗೆ ರಕ್ಷಣೆಯಲ್ಲ, ಸೇಡು. ನಾಯಿಯ ಕಾಲು ಮುರಿದಿದ್ದರೆ ಅಥವಾ ಪ್ರಾಣ ಹೋಗಿದ್ದರೆ, 325ನೆಯ ಕಲಮು ಎದುರಾಗುತ್ತಿತ್ತು. ಯಾವುದೇ ಪ್ರಾಣಿಯನ್ನು ಕೆಡುಕಿನ ಉದ್ದೇಶದಿಂದ ಕೊಂದರೆ, ಅದಕ್ಕೆ ವಿಷವಿಕ್ಕಿದರೆ, ಅಂಗಹೀನ ಮಾಡಿದರೆ ಐದು ವರ್ಷಗಳವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡೂ ಒದಗಬಹುದೆಂದು ಅದು ಹೇಳುತ್ತದೆ. ನ್ಯಾಯವೆಲ್ಲ ಮೇಷ್ಟ್ರ ಕಡೆಗಿದ್ದ ಒಂದು ಬೆಳಗು, ಅರ್ಧ ನಿಮಿಷದಲ್ಲಿ ಅವರನ್ನೇ ಆರೋಪಿಯನ್ನಾಗಿ ಮಾಡಿಬಿಡುತ್ತಿತ್ತು.

ಆತ್ಮರಕ್ಷಣೆಯ ಕಲಮುಗಳಲ್ಲಿಯೂ ಇದೇ ಅಳತೆಗೋಲು. ದೇಹಕ್ಕೆ ಅಪಾಯವಿದೆಯೆಂಬ ನ್ಯಾಯವಾದ ಭಯ ಹುಟ್ಟಿದೊಡನೆ ಹಕ್ಕು ಹುಟ್ಟುತ್ತದೆ. ಏಟು ಬೀಳುವವರೆಗೆ ಕಾಯಬೇಕಾಗಿಲ್ಲ. ಆ ಭಯ ಇರುವವರೆಗೆ ಹಕ್ಕು ಇರುತ್ತದೆ. ಭಯ ಹೋದೊಡನೆ ಹಕ್ಕೂ ಹೋಗುತ್ತದೆ. ರಕ್ಷಣೆಗೆ ಎಷ್ಟು ಅಗತ್ಯವೋ ಅಷ್ಟಕ್ಕಿಂತ ಹೆಚ್ಚಿನ ಹಾನಿ ಮಾಡಕೂಡದು. “ಅಪಾಯ ಇರುವಷ್ಟು ಹೊತ್ತು ಕಾನೂನು ನಮ್ಮ ಕೈಯಲ್ಲಿರುತ್ತದೆ, ಅಪಾಯ ಹೋದ ಮೇಲೂ ಕೈಯೆತ್ತಿದರೆ ನಾವು ಕಾನೂನಿನ ಕೈಯಲ್ಲಿರುತ್ತೇವೆ,” ಎಂದರು ವಕೀಲರು. ‘ಅದು ಹೋಯ್ತು’ ಎಂದ ಮಗುವಿನ ಮಾತಿನಲ್ಲಿ ಇಷ್ಟೂ ಅಡಗಿತ್ತು.

‘ಛೂ’ ಬಿಟ್ಟರೆ?

ನಾಯಿ ತಾನಾಗಿ ಬಂದರೆ ಒಂದು ಮಾತು. ಯಜಮಾನನೇ ಛೂ ಬಿಟ್ಟರೆ? ಆಗ ನಾಯಿ ನಾಯಿಯಲ್ಲ, ಅವನ ಕೈಯ ಆಯುಧ. ಇದನ್ನು ನಮ್ಮ ಕಾಯಿದೆ ಬರೆದವರು ಹತ್ತೊಂಬತ್ತನೆಯ ಶತಮಾನದಲ್ಲೇ ಊಹಿಸಿದ್ದರೆಂಬುದು ಕೌತುಕದ ಸಂಗತಿ. ಇನ್ನೊಬ್ಬನಿಗೆ ನೋವು, ಭಯ ಅಥವಾ ಕಿರಿಕಿರಿ ಮಾಡುವ ಉದ್ದೇಶದಿಂದ ಅವನ ಮೇಲೆ ನಾಯಿಯನ್ನು ಛೂ ಬಿಡುವುದು ‘ಅಪರಾಧಿಕ ಬಲಪ್ರಯೋಗ’ ಎಂಬುದಕ್ಕೆ ಹಳೆಯ ಸಂಹಿತೆಯ 350ನೆಯ ಕಲಮಿನಲ್ಲೇ ಉದಾಹರಣೆಯಿತ್ತು. ಈಗ ಅದು 129ನೆಯ ಕಲಮಿನಲ್ಲಿದೆ. ಅದರ ಮುಂದಿನ ಕಲಮಿನ ಉದಾಹರಣೆ ಇನ್ನೂ ಸ್ವಾರಸ್ಯವಾದದ್ದು. ಎದುರಿಗಿರುವವನು ಹೆದರಲೆಂದು ಒಬ್ಬನು ಕ್ರೂರ ನಾಯಿಯ ಬಾಯಿಕುಕ್ಕೆಯನ್ನು ಬಿಚ್ಚತೊಡಗಿದರೆ ಸಾಕು, ಅದೇ ‘ಹಲ್ಲೆ’. ನಾಯಿ ಒಂದು ಹೆಜ್ಜೆ ಇಡಬೇಕಾಗಿಲ್ಲ.

ನಾಯಿಯ ಮೂಲಕ ಬೇಕೆಂದೇ ಗಾಯಪಡಿಸಿದರೆ 118ನೆಯ ಕಲಮು ಅನ್ವಯಿಸುತ್ತದೆ. ಚೂರಿ, ಬೆಂಕಿ, ವಿಷಗಳಂಥ ಅಪಾಯಕರ ಸಾಧನಗಳ ಸಾಲಿನಲ್ಲೇ ಅಲ್ಲಿ ‘ಪ್ರಾಣಿ’ಯೂ ಇದೆ. ಸಾಮಾನ್ಯ ಗಾಯಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ, ಅಥವಾ 20,000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಇಂಥ ಸಂದರ್ಭದಲ್ಲಿ ಆತ್ಮರಕ್ಷಣೆಯ ಹಕ್ಕು ನೇರವಾಗಿಯೇ ಒದಗುತ್ತದೆ, ಏಕೆಂದರೆ ಇಲ್ಲಿ ಅಪರಾಧ ಮನುಷ್ಯನದು.

ಕಚ್ಚುವ ಮುನ್ನವೇ ಕಾನೂನು

ನಮ್ಮಲ್ಲಿ ಬಹು ಜನರು ತಪ್ಪಾಗಿ ತಿಳಿದಿರುವುದು ಇದು: ನಾಯಿ ಕಚ್ಚಿ ರಕ್ತ ಬಂದ ಹೊರತು ದೂರು ಕೊಡುವಂತಿಲ್ಲ ಎಂದು. ಹಾಗಿಲ್ಲ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯನ ಪ್ರಾಣಕ್ಕಾಗಲಿ, ತೀವ್ರ ಗಾಯಕ್ಕಾಗಲಿ ಸಂಭವವಿರುವ ಅಪಾಯವನ್ನು ತಡೆಯಲು ಸಾಕಷ್ಟು ಏರ್ಪಾಡು ಮಾಡದೆ, ತಿಳಿದೋ ಅಲಕ್ಷ್ಯದಿಂದಲೋ ಬಿಟ್ಟವನು 291ನೆಯ ಕಲಮಿನ ಪ್ರಕಾರ ಅಪರಾಧಿ. ಆರು ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಹಳೆಯ ಸಂಹಿತೆಯಲ್ಲಿ ದಂಡದ ಮಿತಿ 1,000 ರೂಪಾಯಿಯಾಗಿತ್ತು. ಅಲಕ್ಷ್ಯವೇ ಇಲ್ಲಿ ಅಪರಾಧ, ಕಡಿತವಲ್ಲ.

ಇನ್ನೊಂದು ದಾರಿಯೂ ಉಂಟು; ಅದು ಅನೇಕರಿಗೆ ತಿಳಿಯದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಂತೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು, ಎಂದರೆ ಜಿಲ್ಲಾಧಿಕಾರಿಗಳು, ಉಪವಿಭಾಗಾಧಿಕಾರಿಗಳು ಅಥವಾ ಅಧಿಕಾರ ಪಡೆದ ಇತರರು, ಅಪಾಯಕಾರಿ ಪ್ರಾಣಿಯನ್ನು ಕಟ್ಟಿಹಾಕುವಂತೆ ಅಥವಾ ಬೇರೆ ಏರ್ಪಾಡು ಮಾಡುವಂತೆ ಯಜಮಾನನಿಗೆ ಆಜ್ಞೆ ಮಾಡಬಹುದು. ಅಂಥ ಪ್ರಾಣಿಯನ್ನು ಕೊಲ್ಲಿಸುವವರೆಗೂ ಆ ಅಧಿಕಾರ ಚಾಚುತ್ತದೆ. ಆದರೆ ಯಜಮಾನನ ಸಮಾಧಾನವನ್ನೂ ಕೇಳಿಯೇ ಮುಂದುವರಿಯುವುದು ಅದರ ಕ್ರಮ. ಕೊಲ್ಲಬೇಕೇ ಬೇಡವೇ ಎಂಬುದನ್ನು ಅಧಿಕಾರಿ ತೀರ್ಮಾನಿಸಬೇಕು. ಇಟ್ಟಿಗೆ ಹಿಡಿದ ನೆರೆಯವನಲ್ಲ.

ಈ ದಾರಿಗಳೆಲ್ಲಕ್ಕೂ ಮೊದಲ ಮೆಟ್ಟಿಲು ಒಂದು ಕಾಗದ. ಮೊದಲು ಬಾಯಿಮಾತಿನಲ್ಲಿ ಸಮಾಧಾನದಿಂದ ಹೇಳಬೇಕು. ಕೇಳದಿದ್ದರೆ, ಯಾವ ದಿನ, ಯಾವ ಹೊತ್ತಿಗೆ ನಾಯಿ ಏನು ಮಾಡಿತು, ಯಾರು ನೋಡಿದರು ಎಂಬುದನ್ನು ಬರೆದು, ಗೇಟಿಗೆ ಭದ್ರವಾದ ಅಗುಳಿ ಹಾಕಿಸಿರಿ, ಹೊರಗೆ ತರುವಾಗ ಸರಪಳಿ ಹಿಡಿಯಿರಿ ಎಂದು ಮರ್ಯಾದೆಯ ಮಾತಿನಲ್ಲಿ ಕೇಳಿ, ಪ್ರತಿಯೊಂದನ್ನು ಇಟ್ಟುಕೊಂಡು, ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಬೇಕು. ಇದರಿಂದ ಏನು ಪ್ರಯೋಜನ? ಪರಿಹಾರಕ್ಕಾಗಿ ಸಿವಿಲ್ ನ್ಯಾಯಾಲಯಕ್ಕೆ ಹೋದಾಗ ಏಳುವ ಮುಖ್ಯ ಪ್ರಶ್ನೆ, ನಾಯಿ ಅಪಾಯಕಾರಿಯೆಂದು ಯಜಮಾನನಿಗೆ ಗೊತ್ತಿತ್ತೇ ಎಂಬುದು. ಕಾಗದ ತಲುಪಿದ ಮೇಲೆ “ನನಗೆ ತಿಳಿಯದು” ಎನ್ನಲು ಬಾಯಿಲ್ಲ. ನಗರಗಳಲ್ಲಿ ಸಾಕುನಾಯಿಗೆ ಸ್ಥಳೀಯ ಸಂಸ್ಥೆಯ ಪರವಾನಗಿಯ ನಿಯಮಗಳೂ ಇರುವುದರಿಂದ, ಅಲ್ಲಿಗೂ ಒಂದು ಪ್ರತಿ ಕಳುಹಿಸುವುದು ಒಳ್ಳೆಯದು.

ನಮ್ಮ ಮೇಷ್ಟ್ರು ಈ ವಿಷಯದಲ್ಲಿ ಜಾಣರು. ಎರಡು ತಿಂಗಳ ಹಿಂದೆ ಟೈಗರ್ ಅಂಚೆಯವನ ಸೈಕಲ್ಲನ್ನು ಅಟ್ಟಿಸಿಕೊಂಡು ಹೋದಾಗಲೇ, ತಮ್ಮ ದುಂಡಾದ ಅಕ್ಷರದಲ್ಲಿ ಒಂದು ಪುಟದ ಪತ್ರ ಬರೆದು ಕೊಟ್ಟಿದ್ದರು. ಅದರ ನಕಲು ಅವರ ಪೆಟ್ಟಿಗೆಯಲ್ಲಿತ್ತು.

ನಾಯಿಯೆದುರು ನಿಂತಾಗ

ಕಾನೂನು ನಂತರದ ಮಾತು. ಆ ಕ್ಷಣದಲ್ಲಿ ಏನು ಮಾಡಬೇಕು?

ಓಡಬಾರದು. ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ನಾಯಿಯ ಹುಟ್ಟುಗುಣ, ಓಟದಲ್ಲಿ ಅದನ್ನು ಸೋಲಿಸಬಲ್ಲವರು ನಾವಲ್ಲ. ಕಿರಿಚಬಾರದು, ಕೈಬೀಸಬಾರದು. ನಾಯಿಯ ಕಣ್ಣನ್ನು ದಿಟ್ಟಿಸಿ ನೋಡಬಾರದು. ಅದಕ್ಕೆ ಅದು ಕಾಳಗದ ಕರೆ. ಸ್ವಲ್ಪ ಓರೆಯಾಗಿ ನಿಂತು, ಕೈಗಳನ್ನು ಮೈಗೆ ಒತ್ತಿಕೊಂಡು, ಬೆನ್ನು ತೋರಿಸದೆ, ನಿಧಾನವಾಗಿ ಹಿಂದೆ ಸರಿಯಬೇಕು. ಬಾಲ ಸೆಟೆದು, ಬೆನ್ನಿನ ರೋಮ ನಿಗುರಿ, ಮೈ ಬಿಗಿಹಿಡಿದು, ಸದ್ದಿಲ್ಲದೆ ನೋಡುವ ನಾಯಿ ಬೊಗಳುವ ನಾಯಿಗಿಂತ ಹೆಚ್ಚು ಅಪಾಯದ್ದಾಗಿರಬಹುದು. ಹಾಗೆಂದು ಬೊಗಳುವ ನಾಯಿ ಕಚ್ಚುವುದೇ ಇಲ್ಲವೆಂದು ನಂಬುವಂತಿಲ್ಲ. ಗಾದೆ ನಮಗೆ ಗೊತ್ತು, ನಾಯಿಗೆ ಗೊತ್ತಿಲ್ಲ.

ಮೇಲೆ ಬಿದ್ದೇ ಬಿದ್ದರೆ ನಡುವೆ ಏನನ್ನಾದರೂ ಒಡ್ಡಬೇಕು: ಕೊಡೆ, ಚೀಲ, ಚಪ್ಪಲಿ, ಹೆಗಲ ಮೇಲಿನ ಟವಲು. ನಾಯಿ ಅದನ್ನು ಕಚ್ಚಿಕೊಂಡರೆ ಕಚ್ಚಿಕೊಳ್ಳಲಿ, ಕೈಕಾಲು ಉಳಿದವು. ಸೈಕಲ್ಲಿನಲ್ಲಿರುವವರು ಇಳಿದು ಸೈಕಲ್ಲನ್ನೇ ಅಡ್ಡ ಹಿಡಿಯಬಹುದು. ಕೆಳಗೆ ಬಿದ್ದರೆ ಮೊಣಕಾಲುಗಳನ್ನು ಎದೆಗೆ ಮಡಿಸಿ, ಮುಖ ಒಳಗಿಟ್ಟು, ಎರಡು ಕೈಗಳಿಂದ ಕುತ್ತಿಗೆಯನ್ನೂ ಕಿವಿಗಳನ್ನೂ ಮುಚ್ಚಿಕೊಂಡು ಮುದುಡಿ ಮಲಗಬೇಕು. ಮಕ್ಕಳಿಗೆ ಇದನ್ನು ಮನೆಯಲ್ಲಿ ಒಂದು ಆಟವಾಗಿ ಕಲಿಸಿಡಬೇಕು: ನಾಯಿ ಬಂದರೆ ಮರದಂತೆ ನಿಲ್ಲು, ಬಿದ್ದರೆ ಕಲ್ಲಿನಂತೆ ಮಲಗು.

ಗಾಯವಾದರೆ ಜಗಳ ಆಮೇಲೆ

ಮೇಷ್ಟ್ರು ಆ ಬೆಳಗಿನಲ್ಲಿ ಮಾಡಿದ ಅತ್ಯಂತ ಬುದ್ಧಿವಂತಿಕೆಯ ಕೆಲಸ, ಯಜಮಾನರೊಡನೆ ವಾದಕ್ಕೆ ನಿಲ್ಲದೆ ಮಗುವನ್ನೆತ್ತಿಕೊಂಡು ಹೊರಟದ್ದು. ಹುಚ್ಚುನಾಯಿ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡವೆಂದರೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಆದರೆ ಸಕಾಲದಲ್ಲಿ ಸರಿಯಾದ ಚಿಕಿತ್ಸೆಯಾದರೆ ಆ ರೋಗ ಬಾರದಂತೆ ತಡೆಯಬಹುದು. 1885ರ ಜುಲೈ 6ರಂದು ಪ್ಯಾರಿಸಿನಲ್ಲಿ ಲೂಯಿ ಪಾಶ್ಚರ್ ಅವರ ಲಸಿಕೆಯನ್ನು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಕೊಟ್ಟಂದಿನಿಂದ ಮನುಷ್ಯನ ಕೈಗೆ ಈ ಅಭಯ ದೊರೆತಿದೆ.

ಮೊದಲ ಚಿಕಿತ್ಸೆ ನಲ್ಲಿಯ ಕೆಳಗೆ. ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಇವು ಯಾವುವನ್ನೂ ಮೆತ್ತಬಾರದು. ಬಿಗಿಯಾಗಿ ಕಟ್ಟಬಾರದು. ತೊಳೆದ ಮೇಲೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ‘ಹೊಟ್ಟೆಗೆ ಹದಿನಾಲ್ಕು ಸೂಜಿ’ ಎಂಬ ಹಳೆಯ ಭಯ ಇಂದಿಗೆ ಸಲ್ಲದು. ಆ ಲಸಿಕೆಯ ಕಾಲ ಎಂದೋ ಮುಗಿಯಿತು. ಈಗ ತೋಳಿಗೆ ಕೊಡುವ ಚುಚ್ಚುಮದ್ದು. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನವನ್ನು ಸೊನ್ನೆಯೆಂದು ಎಣಿಸಿ 0, 3, 7, 28ನೆಯ ದಿನಗಳಂದು. ಸ್ನಾಯುವಿಗೆ ಕೊಡುವ ಕ್ರಮದಲ್ಲಿ 0, 3, 7, 14, 28ನೆಯ ದಿನಗಳಂದು. ಚರ್ಮ ಹರಿದು ರಕ್ತ ಬಂದಿದ್ದರೆ ಅದರೊಡನೆ ಗಾಯದೊಳಕ್ಕೇ ಕೊಡುವ ಇಮ್ಯುನೋಗ್ಲಾಬ್ಯುಲಿನ್ ಎಂಬ ಮದ್ದೂ ಬೇಕಾಗುತ್ತದೆ. ಮೇಷ್ಟ್ರ ಮೊಮ್ಮಗಳಿಗೆ ಅದೂ ಆಯಿತು.

ಕಚ್ಚಿದ ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡಬೇಕೆಂಬುದು ನಿಜ. ಆದರೆ ಆ ಹತ್ತು ದಿನ ಚುಚ್ಚುಮದ್ದನ್ನು ಮುಂದೂಡಬೇಕೆಂದು ಅದರ ಅರ್ಥವಲ್ಲ. ಚಿಕಿತ್ಸೆ ಅಂದೇ ಆರಂಭವಾಗಬೇಕು. ಮುಂದಿನದನ್ನು ವೈದ್ಯರು ತೀರ್ಮಾನಿಸುತ್ತಾರೆ. ನಾಯಿಯನ್ನು ಸಿಟ್ಟಿನಿಂದ ಕೊಂದುಬಿಟ್ಟರೆ ಹೀಗೆ ನೋಡುವ ಅವಕಾಶವೇ ತಪ್ಪಿಹೋಗುತ್ತದೆ. ಸೇಡಿನ ಏಟು ಕಾನೂನಿಗೆ ಮಾತ್ರವಲ್ಲ, ವೈದ್ಯಕ್ಕೂ ವಿರೋಧ. ಆಸ್ಪತ್ರೆಯ ಚೀಟಿ, ಗಾಯದ ಭಾವಚಿತ್ರ, ನೋಡಿದವರ ಹೆಸರು ಇವನ್ನು ಜೋಪಾನವಾಗಿಟ್ಟುಕೊಂಡರೆ, ಮುಂದೆ ದೂರು ಕೊಡುವಾಗ ಅವೇ ಸಾಕ್ಷಿ.

ನಾಯಿಯ ಕಡೆಯ ನ್ಯಾಯ

ಇದು ನಾಯಿಯ ಮೇಲಿನ ದೂರಿನ ಲೇಖನವೆಂದು ಯಾರೂ ಭಾವಿಸಬಾರದು. ನಾಯಿಯ ನೆನಪಿಗೆ ಶಾಸನ ನಿಲ್ಲಿಸಿದ ನಾಡು ನಮ್ಮದು. ಕ್ರಿ.ಶ. 950ರ ಸುಮಾರಿನ ಆತಕೂರು ಶಾಸನವನ್ನು ನೆನೆಯಿರಿ. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗನು, ಏನು ಬೇಕೋ ಕೇಳೆಂದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ನಿಲ್ಲಿಸಿದ ಕಲ್ಲು ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಮುಧೋಳದ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಭಾರತ ಸರ್ಕಾರ 2005ರಲ್ಲಿ ಹೊರಡಿಸಿತು.

ಅಂಥ ಪ್ರಾಣಿ ಕ್ರೂರವಾಗುವುದೇಕೆ? ಮೂರಡಿಯ ಸರಪಳಿಯಲ್ಲಿ ಹಗಲಿರುಳು ಬಿಗಿದ ನಾಯಿ, ಮನುಷ್ಯರ ಒಡನಾಟವಿಲ್ಲದೆ, ಓಡಾಟವಿಲ್ಲದೆ, ಕಂಡದ್ದನ್ನೆಲ್ಲ ಶತ್ರುವೆಂದು ತಿಳಿಯತೊಡಗುತ್ತದೆ. ಇದನ್ನೂ ಕಾನೂನು ಕಂಡಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಮು, ನಾಯಿಯನ್ನು ಹೆಸರಿಟ್ಟೇ ಹೇಳುತ್ತದೆ: ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ಅಡ್ಡಾಟ ಕೊಡದಿರುವುದು ಕ್ರೌರ್ಯ. ಅತಿ ಗಿಡ್ಡನೆಯ, ಅತಿ ಭಾರದ ಸರಪಳಿಯಲ್ಲಿ ದೀರ್ಘಕಾಲ ಕಟ್ಟುವುದೂ ಕ್ರೌರ್ಯ. ಈ ಕಾಯಿದೆಗೆ ಮೊದಲು ರಾಜ್ಯಸಭೆಯಲ್ಲಿ ಮಸೂದೆ ತಂದು ಶ್ರಮಿಸಿದವರು ನೃತ್ಯಕಲೆಯಿಂದ ಹೆಸರಾದ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲರು.

ತಪ್ಪು ನಾಯಿಯ ಜಾತಿಯಲ್ಲಿದೆಯೆಂದು ಕೆಲವರ ವಾದ. 2024ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ 23 ಬಗೆಯ ನಾಯಿಗಳನ್ನು ಕ್ರೂರವೆಂದು ಹೆಸರಿಸಿ, ಅವುಗಳ ಆಮದು, ಮಾರಾಟ, ಸಾಕಣೆಗಳನ್ನು ತಡೆಯುವಂತೆ ಸುತ್ತೋಲೆ ಹೊರಡಿಸಿತ್ತು. ಮರುತಿಂಗಳೇ ಕರ್ನಾಟಕದ ಉಚ್ಚ ನ್ಯಾಯಾಲಯ ಆ ಸುತ್ತೋಲೆಯನ್ನು ರದ್ದುಪಡಿಸಿತು. ಅದೇನೇ ಇರಲಿ, ಟೈಗರನ ಹಲ್ಲಿಗೂ ಬೀದಿಗೂ ನಡುವೆ ಇದ್ದದ್ದು ಒಂದು ಅಗುಳಿ. ಅಗುಳಿ ಹಾಕುವ ಕೈ ಮನುಷ್ಯನದು.

ಕಡೆಗೆ ಆದದ್ದೇನು?

ಯಜಮಾನರು ಠಾಣೆಗೆ ಹೋದರು. ಮೇಷ್ಟ್ರೂ ಹೋದರು. ಠಾಣೆಯ ಅಧಿಕಾರಿ ಇಬ್ಬರನ್ನೂ ಎದುರುಬದುರು ಕೂರಿಸಿ, ನಾಯಿಯ ಮೂತಿಯ ಗಾಯದ ಮಾತನ್ನೂ, ಮಗುವಿನ ಕಾಲಿನ ಚೀಟಿಯನ್ನೂ, ಎರಡು ತಿಂಗಳ ಹಿಂದಿನ ಪತ್ರದ ನಕಲನ್ನೂ ನೋಡಿದರು. ಪತ್ರವನ್ನು ಓದಿ ಮುಗಿಸಿದ ಮೇಲೆ ಯಜಮಾನರ ಕಡೆ ತಿರುಗಿ, “ಇದು ನಿಮಗೆ ತಲುಪಿತ್ತೇ?” ಎಂದು ಒಂದೇ ಪ್ರಶ್ನೆ ಕೇಳಿದರಂತೆ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, “ತಲುಪಿತ್ತು,” ಎಂದರು. ಅವರು ಕೆಟ್ಟವರಲ್ಲ, ಅಲಕ್ಷ್ಯದವರು, ಅಷ್ಟೇ.

ಮೇಷ್ಟ್ರು ಮೊಕದ್ದಮೆ ಬಯಸಲಿಲ್ಲ. ಅವರು ಕೇಳಿದ್ದು ಮೂರು: ತಾನಾಗಿ ಮುಚ್ಚಿಕೊಳ್ಳುವ ಗೇಟು, ಬೀದಿಗೆ ತಂದಾಗ ಸರಪಳಿ, ಬಾಯಿಕುಕ್ಕೆ, ದಿನಕ್ಕೆರಡು ಹೊತ್ತು ನಾಯಿಗೆ ಅಡ್ಡಾಟ. ಮೂರನೆಯದನ್ನು ಕೇಳಿ ಯಜಮಾನರು ಬೆರಗಾದರು. “ಅದೂ ಒಂದು ಜೀವ ಅಲ್ಲವೇ ಸ್ವಾಮಿ. ಇಡೀ ದಿನ ಕಟ್ಟಿದ್ದರೆ ನನಗೂ ಕಚ್ಚಬೇಕು ಅನ್ನಿಸ್ತಿತ್ತು,” ಎಂದರು ಮೇಷ್ಟ್ರು. ಮೂರಕ್ಕೂ ಒಪ್ಪಿಗೆಯಾಗಿ, ಬರವಣಿಗೆಯಲ್ಲಿ ಸಹಿಯಾಯಿತು. ಮಗುವಿನ ಚಿಕಿತ್ಸೆಯ ಓಡಾಟದ ವೆಚ್ಚವನ್ನು ಯಜಮಾನರು ತಾವಾಗಿಯೇ ಕೊಟ್ಟರು. ಹತ್ತು ದಿನ ಕಳೆಯಿತು, ಟೈಗರ್ ಆರೋಗ್ಯವಾಗಿತ್ತು.

ಈಗ ಸಂಜೆಯ ಹೊತ್ತು ಯಜಮಾನರು ಟೈಗರನನ್ನು ಸರಪಳಿಯಲ್ಲಿ ಹಿಡಿದು ಕೆರೆಯ ಏರಿಯ ಕಡೆಗೆ ಕರೆದೊಯ್ಯುತ್ತಾರೆ. ಮೇಷ್ಟ್ರ ಮನೆಯ ಮುಂದೆ ಬಂದಾಗ ಸರಪಳಿಯನ್ನು ಒಂದು ಸುತ್ತು ಕೈಗೆ ಸುತ್ತಿಕೊಳ್ಳುತ್ತಾರೆ. ಜಗುಲಿಯ ಮೇಲಿನ ಹುಡುಗಿ ನೋಡುತ್ತಾಳೆ, ಎದ್ದು ಒಳಗೆ ಹೋಗುವುದಿಲ್ಲ. ಮೇಷ್ಟ್ರು ಹೊಸ ಕೊಡೆ ಕೊಳ್ಳಲಿಲ್ಲ. ಹರಿದ ಬಟ್ಟೆಗೆ ತೇಪೆ ಹಾಕಿಸಿ ಅದನ್ನೇ ಹಿಡಿಯುತ್ತಿದ್ದಾರೆ. ಇಟ್ಟಿಗೆ ಎಲ್ಲಿ ಬಿತ್ತೆಂಬುದು ಈಗ ಯಾರಿಗೂ ನೆನಪಿಲ್ಲ. ಹಾಗೆ ಮರೆಯುವಂತಾದದ್ದೇ ಎರಡೂ ಮನೆಗಳ ಭಾಗ್ಯ.